ಮೂರು ಕಾಲಿನ ಜಟ್ಟಿ

"ನಮ್ಮ ಜಟ್ಟಿಗಳ ಮುಂದೆ ನಿಲ್ಲೋ ಗಂಡು ಇನ್ನೂ ಹುಟ್ಟಿಲ್ಲ. ನವರಾತ್ರಿಗೆ ಬನ್ನಿ, ಕಣ್ಣಾರೆ ನೋಡಿ" ಎಂದು ಹೊನ್ನಗಿರಿಯ ದೊರೆ ವೀರಮಲ್ಲ ನೆರೆಯ ದೊರೆಯ ಮುಂದೆ ಜಂಬ ಕೊಚ್ಚಿದ್ದ. ಅತಿಥಿಗಳು ಬಂದಿಳಿದರು. ಜಟ್ಟಿಗಳು ಮಾತ್ರ ಅಖಾಡಕ್ಕೆ ಇಳಿಯಲಿಲ್ಲ.

ಕಾರಣ ಇಷ್ಟೇ. ಹಿಂದಿನ ತಿಂಗಳು ಕುಸ್ತಿಯಲ್ಲಿ ನಂಜಜಟ್ಟಿಯ ತೋಳು ಮುರಿಯಿತು. "ಕುಸ್ತಿ ಆಡದವನಿಗೆ ಹಾಲು ಯಾಕೆ?" ಎಂದು ಉಗ್ರಾಣದ ಅಧಿಕಾರಿ ಸುಬ್ಬರಸ ಮರುದಿನವೇ ಅವನ ಮನೆಗೆ ಹೋಗುತ್ತಿದ್ದ ಹಾಲು ತುಪ್ಪ ನಿಲ್ಲಿಸಿದ. ತೋಳು ಕೂಡುವವರೆಗೆ ಹಾಲು ಕೊಡಿ, ಇಲ್ಲದಿದ್ದರೆ ನಾವ್ಯಾರೂ ಅಖಾಡದ ಮಣ್ಣು ಮುಟ್ಟೋದಿಲ್ಲ ಎಂದು ಉಳಿದ ಹನ್ನೊಂದು ಜನ ಕೂತುಬಿಟ್ಟರು.

ಸುಬ್ಬರಸ ಸುಮ್ಮನಿದ್ದಾನೆಯೇ? ಊರೆಲ್ಲ ಡಂಗುರ ಹೊಡೆಸಿದ: "ಅನ್ನ ಇಟ್ಟ ದೊರೆಗೇ ಜಟ್ಟಿಗಳು ತಿರುಗಿಬಿದ್ದಿದ್ದಾರೆ, ನಿಮ್ಮ ಹಬ್ಬ ಹಾಳು ಮಾಡ್ತಿದ್ದಾರೆ, ಕೇಳ್ರಪ್ಪೋ!"

ಊರ ಬಾಯಿಗೆ ಅಷ್ಟು ಸಾಕಲ್ಲ. "ತಿಂದು ಕೊಬ್ಬಿದ್ದಾರೆ. ಆಡೋದಕ್ಕೆ ಹಾಲು ಕುಡಿಸ್ತಾರೆ, ಇನ್ನೇನು ರೋಗ ಇವರಿಗೆ?" ಎಂದ ಎಣ್ಣೆ ಅಂಗಡಿಯ ಮಲ್ಲಶೆಟ್ಟಿ. ಪುಣ್ಯಾತ್ಮ, ಸ್ವಂತ ಮನೆಯ ಮೆಟ್ಟಿಲು ಹತ್ತುವಾಗ ಎರಡು ಸಲ ಕೂತು ಸುಧಾರಿಸಿಕೊಳ್ಳುವವನು. ಹೋದ ವರ್ಷ ಇದೇ ಜನ ನಂಜಜಟ್ಟಿಯನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಈಗ ಅವನ ಹೆಂಡತಿ ನೀರಿಗೆ ಬಂದರೆ ಬಾವಿಕಟ್ಟೆಯಲ್ಲಿ ಯಾರೂ ಜಾಗ ಬಿಡಲಿಲ್ಲ.

ದೊರೆ ವಿದೂಷಕ ಓಬಯ್ಯನನ್ನು ಕರೆಸಿದ. "ನಾಳೆ ಹನ್ನೆರಡೂ ಜನ ಅಖಾಡದಲ್ಲಿರಬೇಕು. ಜಟ್ಟಿಗಳ ಬಾಯಿಂದ ಹಾಲಿನ ಮಾತು ನನ್ನ ಕಿವಿಗೆ ಬೀಳಕೂಡದು. ಬಿತ್ತೋ, ನೀನು ಗಡೀಪಾರು."

"ಒಂದು ಮಾತೂ ಆಡಲ್ಲ ಬುದ್ಧಿ" ಎಂದ ಓಬಯ್ಯ, ಜಟ್ಟಿಗಳ ಕೇರಿಗೆ ಹೋಗಿ ತನ್ನ ಉಪಾಯ ಹೇಳಿದ.

"ಮಾನ ಹೋಗುತ್ತಲ್ಲ ಓಬಣ್ಣ" ಎಂದ ನಂಜಜಟ್ಟಿ.

"ಹಾಲು ಬರುತ್ತಲ್ಲ ನಂಜಪ್ಪ."

ಮರುದಿನ ಅಖಾಡದ ಸುತ್ತ ಊರಿಗೆ ಊರೇ ಸೇರಿತ್ತು. ಗಂಟೆ ಸದ್ದು ಕೇಳಿ ಎಲ್ಲರೂ ತಿರುಗಿದರು. ನೋಡಿದರೆ ಜಟ್ಟಿಗಳು ಕೊರಳಿಗೆ ಗಂಟೆ ಕಟ್ಟಿಕೊಂಡು, ಕೈ ನೆಲಕ್ಕೂರಿ, ನಾಲ್ಕು ಕಾಲಲ್ಲಿ ಬರುತ್ತಿದ್ದಾರೆ. ನಂಜಜಟ್ಟಿಗೆ ಒಂದು ತೋಳು ಎದೆಗೆ ಕಟ್ಟಿದ್ದರಿಂದ ಮೂರೇ ಕಾಲು. ಹಿಂದೆ ಕೋಲು ಹಿಡಿದ ಓಬಯ್ಯ.

ದೊರೆಯ ಮುಂದೆ ನಿಂತು ಹನ್ನೆರಡೂ ಜನ "ಬ್ಯಾ" ಎಂದರು.

ಅತಿಥಿ ದೊರೆ ನಗು ಮುಚ್ಚಲು ಶಾಲು ಅಡ್ಡ ಹಿಡಿದ. ವೀರಮಲ್ಲನ ಮುಖ ಕೆಂಪಾಯಿತು. "ಓಬಯ್ಯ, ಏನಿದು ಮಂಗಾಟ?"

"ಮಂಗಾಟ ಅಲ್ಲ ಬುದ್ಧಿ, ಟಗರಾಟ. ಮೊನ್ನೆ ಕಾಳಗದಲ್ಲಿ ತಮ್ಮ ಟಗರಿನ ಕಾಲು ಮುರೀತಲ್ಲ, ಆಮೇಲೆ ಏನು ಮಾಡಿದ್ರಿ ಅಂತ ಸುಬ್ಬರಸರನ್ನ ಕೇಳಿ."

ಸುಬ್ಬರಸ ಎದೆಯುಬ್ಬಿಸಿದ. "ಅರಮನೆ ವೈದ್ಯರನ್ನೇ ಕರೆಸಿದೆ ಪ್ರಭು. ದಿನಾ ಎಣ್ಣೆ ನೀವಿಸಿ, ನೆನೆಸಿದ ಕಡಲೆ, ಬೆಲ್ಲ ಕೊಡಿಸ್ತಿದ್ದೀನಿ. ಒಂದು ಹೊತ್ತೂ ತಪ್ಪಿಸಿಲ್ಲ. ದೊರೆಗಳ ಮಾನ ಕಾಯೋ ಪ್ರಾಣಿ ಅಲ್ವೇ?"

ಜನ ನಂಜಜಟ್ಟಿಯ ತೋಳು ನೋಡಿದರು.

"ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ, ಜಟ್ಟಿಗಳಿಗೆ ಅನ್ಯಾಯ ಆಗಿದೆ ಅಂತ" ಎಂದ ಮಲ್ಲಶೆಟ್ಟಿ.

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದ ದೊರೆ. "ಇವರಿಗೆ ಬೇಕಾದ್ದು ಹಾಲು ತಾನೆ?"

"ಹಾಲು ಕೇಳೋ ಧೈರ್ಯ ಇವರಿಗಿಲ್ಲ ಬುದ್ಧಿ. ಜಟ್ಟಿಯಿಂದ ಟಗರಿಗೆ ಬಡ್ತಿ ಕೇಳೋಕೆ ಬಂದಿದ್ದಾರೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೊಟ್ಟೆ! ಇನ್ನು ಯಾವ ಜಟ್ಟಿಯ ಮೂಳೆ ಮುರಿದರೂ ಕೂಡೋವರೆಗೆ ಹಾಲು ತುಪ್ಪ ಹೋಗಲಿ. ನಂಜನ ಮನೆಗೆ ಮಾತ್ರ ಸುಬ್ಬರಸನೇ ದಿನಾ ಹೊತ್ತು ಹಾಕಲಿ, ಬಾಗಿಲಲ್ಲಿ ನಿಂತು 'ಬ್ಯಾ' ಅನ್ನಲಿ."