ಹದಿನೇಳರ ಮಗ್ಗಿ ಮತ್ತು ಸೆರೆಬಿದ್ದ ತಲೆದಿಂಬು

ಒಂದಾನೊಂದು ಊರಿನಲ್ಲಿ, ಊರಿನವರ ಆಕಳಿಕೆಗಿಂತ ಒಂದು ಗೇಣು ಚಿಕ್ಕದಾದ ಊರಿನಲ್ಲಿ, ಒಬ್ಬ ರಾಜನಿದ್ದ. ಅವನಿಗೆ ಆನೆ ಬೇಡ, ಕುದುರೆ ಬೇಡ, ಪಕ್ಕದ ರಾಜ್ಯವೂ ಬೇಡ. ಹದಿನೇಳರ ಮಗ್ಗಿ ಬೇಕು. ಹದಿನಾರರ ತನಕ ಸಲೀಸು. ಹದಿನೇಳಕ್ಕೆ ಬಂದರೆ ಗಾಡಿ ಕೆಸರಲ್ಲಿ ಹೂತುಹೋಗುತ್ತಿತ್ತು.

"ನಿದ್ದೆಯೇ ಕಳ್ಳ! ಕಲಿತದ್ದನ್ನೆಲ್ಲ ಅದೇ ಕದಿಯುತ್ತೆ. ನನಗೆ ಮಗ್ಗಿ ಬರುವ ತನಕ ಯಾರೂ ಮಲಗಕೂಡದು" ಅಂದ. ಮನೆಮನೆಯ ತಲೆದಿಂಬು ಹಿಡಿದು ಸೆರೆಮನೆಗೆ ಹಾಕಿಸಿದ.

ಮಗ್ಗಿ ಕಲಿಸುವ ಗುರುಬಸಯ್ಯ ಐಗಳ ದಿಂಬೂ ಹೋಯಿತು. ಮೂವತ್ತು ವರ್ಷದ ಸಂಸಾರ! ಸೆರೆಮನೆ ಕಿಟಕಿಯಿಂದ ಅದು ಕೂಗುತ್ತಿತ್ತು: "ಐಗಳೇ, ತಲೆ ಹೇಗಿದೆ?"

"ಇನ್ನೂ ಕತ್ತಿನ ಮೇಲಿದೆ ತಾಯಿ, ಅದೇ ದೊಡ್ಡದು."

ಹನ್ನೊಂದು ದಿನ ಐಗಳು ರಾಜನಿಂದ ಉರು ಹೊಡೆಸಿದರು.

"ಹದಿನೇಳೇಳ್ಲೆ?"

"ನೂರಾ... ನೂರಾ... ಬದನೆಕಾಯಿ?"

"ನೂರಾ ಹತ್ತೊಂಬತ್ತು, ಮಹಾಸ್ವಾಮಿ" ಅಂದು ಐಗಳು ಗೋಡೆಗೆ ಒರಗಿದರು. ಗೋಡೆಯೂ ಐಗಳಿಗೆ ಒರಗಿತು.

ಅಂಕಿಗಳು ರಾಜನ ಬಲಗಿವಿಯಿಂದ ಒಳಗೆ ಹೋಗುತ್ತಿದ್ದವು. ಕೂರೋಣವೆಂದರೆ ಚಾಪೆಯೇ ಇಲ್ಲ. ತಲೆಯೊಳಗೆ ಚಾಪೆ ಹಾಸುವುದು ನಿದ್ದೆಯ ಕೆಲಸ ತಾನೇ? ನಿಂತು ನಿಂತು ಕಾಲು ಸೋತು, ಎಡಗಿವಿಯಿಂದ ಉದುರುತ್ತಿದ್ದವು. ಅರಮನೆಯ ಹುಂಜ ಜುಟ್ಟಣ್ಣ ಹೆಕ್ಕಿ ಹೆಕ್ಕಿ ತಿನ್ನುತ್ತಿದ್ದ.

ಊರೂ ಸೊರಗಿತು. ಪೈಲ್ವಾನನಿಗೆ ರೊಟ್ಟಿ ಮುರಿಯಲಾಗಲಿಲ್ಲ. ವೈದ್ಯರು ಕಂಬದ ನಾಡಿ ಹಿಡಿದು "ಸುಣ್ಣ ಬಳಿಸಿ" ಅಂದರು. "ನನಗೇನಾಗಿಲ್ರೀ, ಜ್ವರ ಪಕ್ಕದವರಿಗೆ" ಅಂತು ಕಂಬ.

ಹನ್ನೆರಡನೇ ದಿನ ರಾಜ ಗುಡುಗಿದ: "ನಾಳೆ ಬೆಳಗ್ಗೆ ಮಗ್ಗಿ ಬರದಿದ್ದರೆ ದಿಂಬುಗಳನ್ನು ಹರಿದು ಹತ್ತಿ ಗಾಳಿಗೆ ತೂರಿಸುತ್ತೇನೆ!"

ಐಗಳಿಗೆ ಅಳಬೇಕು ಅನಿಸಿತು. ಅಳಲೂ ಶಕ್ತಿ ಬೇಕಲ್ಲ.

ಬೆಳಗಾಯಿತು. ಜುಟ್ಟಣ್ಣ ಕೂಗಿದ: "ಹದಿನೇಳೊಂದ್ಲೆ ಹದಿನೇಳು! ಹದಿನೇಳೆರಡ್ಲೆ ಮೂವತ್ನಾಲ್ಕು!" ನೂರಾ ಎಪ್ಪತ್ತರ ತನಕ, ಒಂದೂ ತಪ್ಪಿಲ್ಲ.

"ಲೇ ಜುಟ್ಟಣ್ಣ! ಯಾವ ಗುರು ಕಲಿಸಿದರೋ?"

"ನಿಮ್ಮ ಐಗಳೇ, ಬುದ್ಧಿ. ನೀವು ಉದುರಿಸಿದ್ದನ್ನ ತಿಂದೆ. ಹೊತ್ತು ಮುಳುಗುತ್ತಲೇ ಮಲಗಿದೆ. ಅರಗಿತು."

"ಮಲಗಿದೆಯಾ? ಕಾನೂನು?"

"ನನಗೆ ದಿಂಬೆಲ್ಲಿದೆ ಬುದ್ಧಿ, ಕಾನೂನು ಇರೋಕೆ?"

ರಾಜ ಗಡ್ಡ ಕೆರೆದುಕೊಂಡ. "ಐಗಳೇ, ಮಲಗೋದು ಹೇಗೆ? ಮರೆತೇಹೋಗಿದೆ. ಕಲಿಸಿ."

"ಆ ಪಾಠಕ್ಕೆ ನನ್ನ ದಿಂಬು ಬೇಕು, ಮಹಾಸ್ವಾಮಿ."

ದಿಂಬು ಬಂತು. ಐಗಳು ತಲೆಯಿಟ್ಟರು. "ಮೊದಲು ಹೀಗೆ... ಆಮೇಲೆ..." ಅಷ್ಟೇ ಪಾಠ. ಉಳಿದದ್ದು ಗೊರಕೆ.

ರಾಜ ಶ್ರದ್ಧೆಯಿಂದ ಉರು ಹೊಡೆದ: "ಗೊರ್ರೊಂದ್ಲೆ ಗೊರ್ರು. ಗೊರ್ರೆರಡ್ಲೆ ಗೊರ್ರುಗೊರ್ರು..." ಗೊರ್ರು ನಾಲ್ಕಕ್ಕೆ ಉರುಳಿದ.

ಮೂರು ದಿನಕ್ಕೆ ಎದ್ದು, ಹುಂಜದ ಬಾಯಲ್ಲಿ ಕೇಳಿದ್ದ ಮಗ್ಗಿ ಪೂರ್ತಿ ಒಪ್ಪಿಸಿದ! ದಿಂಬುಗಳನ್ನೆಲ್ಲ ಬಿಟ್ಟುಬಿಟ್ಟ. "ಐಗಳೇ, ಏಳಿ! ಇನ್ನು ಹದಿನೆಂಟರದ್ದು!"

ಐಗಳು ಕಣ್ಣು ತೆರೆಯಲಿಲ್ಲ. ದಿಂಬೇ ಪಿಸುಗುಟ್ಟಿತು: "ಶ್! ಹದಿನೆಂಟಕ್ಕೆ ಚಾಪೆ ಹಾಸುತ್ತಿದ್ದಾರೆ. ನೀವೂ ಹಾಸಿಕೊಳ್ಳಿ."

ರಾಜ ಮತ್ತೆ ಮಲಗಿದ.

ನೀತಿ: ಹುಂಜದ ಹತ್ತಿರ ಕಾನೂನು ಮಾತಾಡಬೇಡಿ. ಇನ್ನೊಂದು ನೀತಿಯೂ ಇತ್ತು, ಈಗಷ್ಟೇ ಕಣ್ಣು ಮುಚ್ಚಿದೆ, ಎಬ್ಬಿಸಬೇಡಿ. ಕತೆ ಅಲ್ಲಿ ಮಗ್ಗುಲಾಯಿತು, ಇಲ್ಲಿ ನನ್ನ ದಿಂಬು ಕರೆಯುತ್ತಿದೆ.