ಇಳಿಜಾರಿನ ಹೂಕುಂಡಗಳು

“ಗುರುಗಳೇ, ಗಾಲಿಕುರ್ಚಿಯಲ್ಲಿ ಬರುವ ಆ ಹಿರಿಯರನ್ನು ದಿನಾ ಮಠದ ಮೆಟ್ಟಿಲು ಹತ್ತಿಸುವವನು ನಾನು. ಇವತ್ತು ನನ್ನನ್ನೇ ಬೈದರು. ಉಪಕಾರ ಮಾಡಿದವನಿಗೆ ಬೈಗುಳವೇ?” ಎಂದು ಶಿಷ್ಯ ಶಿವಪಾದ ಕೇಳಿದ. ಅವನ ಮುಖ ಊದಿಕೊಂಡಿತ್ತು.

“ಕೂತ್ಕೋ, ಕೇಳು” ಎಂದರು ಗುರುಗಳು.

ಒಂದು ನಗರದಲ್ಲಿ ಒಂದು ದೊಡ್ಡ ಹೋಟೆಲ್. ಕೂತರೆ ಸೊಂಟದವರೆಗೆ ಹೂತುಹೋಗುವ ಸೋಫಾ, ಬಂದವರ ಕೈಗೆ ಪನ್ನೀರು. ಸುಖಕ್ಕೇನು ಕೊರತೆ! ಗಾಲಿಕುರ್ಚಿಯವರಿಗೆಂದು ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿಯನ್ನೂ ಕಟ್ಟಿಸಿದ್ದರು. ಆದರೆ ಮದುವೆ ಬಂತೆಂದರೆ ಸಾಕು, ಅದು ಬೋಳುಬೋಳಾಗಿ ಕಾಣುತ್ತದೆಂದು ಉದ್ದಕ್ಕೂ ಹೂಕುಂಡ ಜೋಡಿಸಿಬಿಡುತ್ತಿದ್ದರು. ಎಂಥ ಬುದ್ಧಿ ನೋಡು!

ಒಂದು ಮದುವೆಗೆ ಮದುಮಗಳ ತಾಯಿಯೇ ಗಾಲಿಕುರ್ಚಿಯಲ್ಲಿ ಬಂದಳು. ಮುಹೂರ್ತ ಹತ್ತಿರವಾಗಿತ್ತು. ಅವಳ ಗಂಡ ಆಗಲೇ ಮಂಟಪದಲ್ಲಿ ಕೂತಿದ್ದ. ಇದ್ದೊಬ್ಬ ಮಗಳ ಧಾರೆಗೆ ಅವಳ ಕೈಯೂ ಸೇರಬೇಕಿತ್ತು. ಹೂಕುಂಡಗಳ ಮುಂದೆ ಕುರ್ಚಿ ನಿಂತುಹೋಯಿತು. ಮಾಲೀಕ ಓಡಿಬಂದು ಕೈಮುಗಿದ.

“ಅಮ್ಮಾ, ನೀವು ನಮ್ಮ ಪಾಲಿನ ದೇವರು. ನಮ್ಮ ಹುಡುಗರು ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಹೋಗ್ತಾರೆ. ನಿಮಗೆ ಒಂದಿಷ್ಟೂ ತೊಂದರೆ ಇಲ್ಲ.”

ತಾಯಿಗೆ ಮೈಯೆಲ್ಲ ಉರಿಯಿತು. “ನಾಲ್ಕು ಜನ ಹೊರೋ ದಿನ ನನಗಿನ್ನೂ ಬಂದಿಲ್ಲ ಸ್ವಾಮಿ. ಎತ್ತೋದಾದರೆ ಆ ಕುಂಡಗಳನ್ನು ಎತ್ತಲಿ. ನಾನೇ ಹತ್ತಿಕೊಳ್ತೀನಿ.”

“ಅಯ್ಯೋ, ಫೋಟೋದವರು ಕಾಯ್ತಿದ್ದಾರಮ್ಮ. ಅಲಂಕಾರ ಎಲ್ಲಾ ಹಾಳಾಗುತ್ತೆ.”

ಅಷ್ಟರಲ್ಲಿ ಒಳಗಿಂದ ಪುರೋಹಿತರು, “ಹುಡುಗಿ ತಾಯಿ ಎಲ್ಲಿ? ಹೊತ್ತು ಮೀರ್ತಾ ಇದೆ” ಎಂದು ಕೂಗಿದರು. ತಾಯಿ ಹಲ್ಲು ಕಚ್ಚಿಕೊಂಡು ಹೂಂ ಎಂದಳು. ಹುಡುಗರು ಎತ್ತಿದರು. ಕುರ್ಚಿ ವಾಲಿತು, ಸೆರಗು ಜಾರಿತು, ಅವಳು ಗುರುತಿಲ್ಲದವನ ಕುತ್ತಿಗೆಗೆ ಜೋತುಬಿದ್ದಳು. ನೆಂಟರು ಚಪ್ಪಾಳೆ ತಟ್ಟಿದರು! ಫೋಟೋದವನು ಅದನ್ನೇ ಕ್ಲಿಕ್ಕಿಸಿಕೊಂಡ. ಧಾರೆ ಎರೆಯುವಾಗ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಜನ ಆನಂದಬಾಷ್ಪ ಅಂದುಕೊಂಡರು. ಅವಳಿಗೆ ಬಂದಿದ್ದು ಸಿಟ್ಟು, ಬರೀ ಸಿಟ್ಟು. ಮಗಳ ಮದುವೆಯ ಆ ಗಳಿಗೆಯಲ್ಲಿ ಅವಳಿಗೆ ಮಗಳ ಮುಖವೂ ಸರಿಯಾಗಿ ಕಾಣಲಿಲ್ಲ. ಮಾಲೀಕ ಮಾತ್ರ ಆ ಫೋಟೋಗೆ ಕಟ್ಟು ಹಾಕಿಸಿ, ‘ನಮ್ಮ ಸೇವೆ’ ಎಂದು ಬರೆಸಿ, ಹೋಟೆಲಿನ ಗೋಡೆಗೆ ತೂಗುಹಾಕಿದ.

“ಥೂ, ಎಂಥ ಮನುಷ್ಯ!” ಶಿವಪಾದ ಸಿಡಿದೆದ್ದ. “ಆ ಕುಂಡ ಸರಿಸೋಕೆ ಅವನಿಗೇನು ಧಾಡಿಯಾಗಿತ್ತು?”

ಗುರುಗಳು ಅವನನ್ನೇ ನೋಡಿದರು.

“ನಮ್ಮ ಮಠದ ಇಳಿಜಾರಿನ ಮೇಲೆ ದಾಸೋಹದ ಸೌದೆ ಒಟ್ಟಿದವನು ನೀನೇ ಅಲ್ಲವೇನೋ?”