ಉರಿಯದ ಬಲ್ಬಿನ ಲೆಕ್ಕ

ಹೊಳೆ ದಂಡೆಯಲ್ಲೊಂದು ಮಠ. ಮಠದಲ್ಲಿ ಒಬ್ಬ ಅಜ್ಜಾರು, ಅವರಿಗೊಬ್ಬ ಶಿಷ್ಯ. ಶಿಷ್ಯನ ಹೆಸರು ರುದ್ರಮುನಿ.

ಕಾವಿ ಉಡುವ ಮೊದಲು ಅಜ್ಜಾರು ಊರೂರು ತಿರುಗಿ ವೈರಿಂಗ್ ಕೆಲಸ ಮಾಡಿದವರು. ಹಾಗಾಗಿ ಶಿಷ್ಯನಿಗೆ ವಚನದ ಜೊತೆಗೆ ಮೀಟರ್ ಹಿಡಿಯುವುದನ್ನೂ ಕಲಿಸಿದ್ದರು. ಇಬ್ಬರೂ ಸೇರಿ ಹೊಳೆಗೆ ಒಂದು ನೀರಿನ ಚಕ್ರ ಹೂಡಿ, ಅದಕ್ಕೊಂದು ಸಣ್ಣ ಡೈನಮೋ ಕಟ್ಟಿದ್ದರು. ಕೊಡುವುದು ಇನ್ನೂರು ವೋಲ್ಟ್. ಆದರೆ ಒಂದೂವರೆ ಆಂಪಿಯರಿಗಿಂತ ಹೆಚ್ಚು ಕರೆಂಟು ಎಳೆಯುತ್ತಲೇ ಇದ್ದರೆ ಸುಟ್ಟೇಹೋಗುವ ಬಡಪಾಯಿ ಅದು.

ಅಂದು ಸಂಜೆ ಆಚೆ ದಂಡೆಯ ಜನ ದೋಣಿಯಲ್ಲಿ ಬರುವವರಿದ್ದರು. ಹೊಳೆಯ ಮೆಟ್ಟಿಲ ಮೇಲೆ ದೊಡ್ಡ ಬಲ್ಬು ಉರಿಯಬೇಕು, ಅದರ ಕೆಳಗೆ ನಿಂತು ರುದ್ರಮುನಿ ತನ್ನ ಮೊದಲ ಪ್ರವಚನ ಹೇಳಬೇಕು. ಅದು ಅಜ್ಜಾರ ಅಪ್ಪಣೆ.

ಅಷ್ಟು ಜನರ ಮುಂದೆ ನಿಂತರೆ ತಾನು ಸುಟ್ಟು ಬೂದಿಯಾಗುತ್ತೇನೆಂದೇ ಶಿಷ್ಯನ ನಂಬಿಕೆ. ಹಾಗೆಂದು ಗುರುಗಳಿಗೆ ಹೇಳುವ ಧೈರ್ಯವೂ ಇಲ್ಲ.

ಬಲ್ಬು ಯಾರೋ ಭಕ್ತರು ಕೊಟ್ಟದ್ದು, ಹಳೆಯದು. ಎಷ್ಟು ವ್ಯಾಟಿನದೆಂಬ ಬರಹ ಉಜ್ಜಿಹೋಗಿತ್ತು. ಡೈನಮೋ ತಡೆಯುತ್ತದೋ ಇಲ್ಲವೋ, ಮೊದಲು ಲೆಕ್ಕ ಮಾಡಿ ನೋಡು ಎಂದು ಅಜ್ಜಾರು ಹೇಳಿದರು.

ರುದ್ರಮುನಿ ಬಲ್ಬಿನ ಬುಡಕ್ಕೆ ಮೀಟರಿನ ಎರಡೂ ತಂತಿ ಮುಟ್ಟಿಸಿದ. ಕರೆಂಟಿಗೆ ಅದು ಒಡ್ಡುವ ರೋಧ ಇಪ್ಪತ್ತು ಓಮ್. ಇದ್ದಿಲು ತೆಗೆದುಕೊಂಡು ಕಟ್ಟೆಯ ಮೇಲೆ ಗೀಚಿದ. ಇನ್ನೂರು ವೋಲ್ಟನ್ನು ಇಪ್ಪತ್ತರಿಂದ ಭಾಗಿಸಿದರೆ ಹತ್ತು ಆಂಪಿಯರ್. ಇನ್ನೂರಕ್ಕೆ ಹತ್ತು ಗುಣಿಸಿದರೆ ಎರಡು ಸಾವಿರ ವ್ಯಾಟ್.

ಅಬ್ಬಾ, ಶಿವ ಕಣ್ಣು ಬಿಟ್ಟ! ಇದನ್ನು ಹಚ್ಚಿದರೆ ಡೈನಮೋ ಢಮಾರ್. ದೀಪವೇ ಇಲ್ಲವೆಂದ ಮೇಲೆ ಕತ್ತಲಲ್ಲಿ ಯಾರ ಪ್ರವಚನ? ಕುಣಿಯುವುದೊಂದೇ ಬಾಕಿ. ಮುಖ ಮಾತ್ರ ಸಪ್ಪಗೆ ಮಾಡಿಕೊಂಡು ಅಜ್ಜಾರನ್ನು ಕರೆತಂದ.

ಅಜ್ಜಾರು ಗೀಚಿದ್ದನ್ನು ನೋಡಿದರು. ಅವನ ಮುಖವನ್ನೂ ನೋಡಿದರು. ಭಾಗಾಕಾರ ಸರಿಯಿದೆ, ಗುಣಾಕಾರವೂ ಸರಿಯಿದೆ ಎಂದರು.

"ಅಳಿಯೂವಾಗ ಬಲ್ಬ್ ಎಲ್ಲಿತ್ತು?"

"ಬುಟ್ಟ್ಯಾಗಿತ್ತರಿ, ಹುಲ್ಲಿನ ನಡುವ."

"ಹಚ್ಚು."

ಮಳೆಗಾಲವಿಡೀ ಮೈ ಮುರಿದು ಕಟ್ಟಿದ ಡೈನಮೋ, ಸುಟ್ಟರೆ ಇನ್ನೊಂದು ಎಲ್ಲಿಂದ ತರೋಣ ಎಂದು ರುದ್ರಮುನಿ ಗೋಗರೆದ. ಈಗ ಅವನು ನಿಜವಾಗಿಯೇ ಹೆದರಿದ್ದ. ಅಜ್ಜಾರು ಹಠಕ್ಕೆ ಬಿದ್ದರೆ ಬ್ರಹ್ಮ ಬಂದರೂ ಕೇಳುವವರಲ್ಲ. ತಾವೇ ಬಲ್ಬು ಸಿಕ್ಕಿಸಿದರು, ತಂತಿಯ ನಡುವೆ ಮುಳ್ಳಿನ ಆಂಪಿಯರ್ ಮೀಟರ್ ಕೂಡಿಸಿದರು, ಸ್ವಿಚ್ಚು ಒತ್ತಿದರು.

ಮುಳ್ಳು ಸರ್ರನೆ ಮೇಲಕ್ಕೆ ಹಾರಿತು.

ರುದ್ರಮುನಿ ಕಿಟಾರನೆ ಕಿರುಚಿದ. ಅವನ ಕೈ ಸ್ವಿಚ್ಚು ಮುಟ್ಟುವಷ್ಟರಲ್ಲಿ ಅಜ್ಜಾರು ಆ ಕೈ ಹಿಡಿದಿದ್ದರು.

"ಮುಳ್ಳು ನೋಡು."

ನೋಡಿದ. ಹಾರಿದ ಮುಳ್ಳು ಹಾರಿದಷ್ಟೇ ಬೇಗ ಇಳಿದು, ಒಂದರ ಮೇಲೆ ಅಲುಗಾಡದೆ ನಿಂತಿತ್ತು. ಮೆಟ್ಟಿಲ ತುಂಬ ಬೆಳಕು. ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಡೈನಮೋ ಮುಟ್ಟಿದರೆ ಬೆಚ್ಚಗೂ ಇಲ್ಲ.

ವೋಲ್ಟೇಜು ಅಳೆದ, ಇನ್ನೂರು. ಕರೆಂಟು ಒಂದು. ಹಾಗಾದರೆ ರೋಧ ಇನ್ನೂರು ಓಮ್, ಇಪ್ಪತ್ತಲ್ಲ. ಎಳೆಯುತ್ತಿರುವುದು ಇನ್ನೂರೇ ವ್ಯಾಟ್. ಮೊದಲಿನ ಲೆಕ್ಕದ ಹತ್ತರಲ್ಲೊಂದು ಪಾಲು.

ಪ್ರವಚನ ಮರೆತುಹೋಯಿತು, ಹೆದರಿಕೆ ಮರೆತುಹೋಯಿತು. ಬಲ್ಬು ಆರಿಸಿದ, ಪೂರಾ ತಣ್ಣಗಾಗುವ ತನಕ ಒಂಟಿಕಾಲಲ್ಲಿ ಕಾದ, ಮತ್ತೆ ಅಳೆದ. ಇಪ್ಪತ್ತೇ. ಮತ್ತೆ ಹಚ್ಚಿ ಲೆಕ್ಕ ಹಾಕಿದ. ಇನ್ನೂರೇ. ಮುಖಕ್ಕೆಲ್ಲ ಇದ್ದಿಲು ಮೆತ್ತಿಕೊಂಡು ಕೂಸಿನ ಹಾಗೆ ಕುಣಿದ.

"ಅಜ್ಜಾರ, ಬಲ್ಬಿನೊಳಗಿನ ತಂತಿ ಎಳಿ ಕಾದಂಗ ರೋಧ ಏರ್ತದರಿ! ಕಾದಮ್ಯಾಲ ತನಗ ಬೇಕಾದಷ್ಟ ಎಳಕೊಳ್ತದ!"

"ಹೂಂ."

"ಮತ್ತ ಮೊದಲ ಮೀಟರ್ ಸುಳ್ಳ ಹೇಳಿತೇನ್ರಿ?"

"ಮೀಟರ್ ಖರೇನ ಹೇಳ್ತು. ನೀ ಕೇಳಿದ ಹೊತ್ತು ತಪ್ಪಿತ್ತು."

ಅಷ್ಟರಲ್ಲಿ ಹೊಳೆಯ ಮೇಲೆ ಹುಟ್ಟಿನ ಸದ್ದು, ಜನರ ಮಾತು, ನಗು. ದೀಪ ಕಂಡು ದೋಣಿ ಈ ದಂಡೆಗೆ ತಿರುಗಿತ್ತು. ರುದ್ರಮುನಿಯ ಕುಣಿತ ನಿಂತಿತು. ಕೈಯಲ್ಲಿದ್ದ ಇದ್ದಿಲು ಜಾರಿ ಬಿತ್ತು. ಕಡೆಗೂ ಬಾಯಿಬಿಟ್ಟ.

"ದೀಪೇನೋ ಉರೀತರಿ ಅಜ್ಜಾರ. ನನ್ನಿಂದ ಆಗೂದಿಲ್ಲ. ಮುಂಜಾನೆ ಖೋಲಿ ಬಾಗಿಲ ಹಾಕ್ಕೊಂಡು ಗ್ವಾಡಿ ಮುಂದ ಹೇಳಿ ನೋಡಿದೆ. ನಾಕ ಮಾತಿಗೆ ನಾಲಿಗಿ ಒಣಗಿತು. ನನ್ನೊಳಗ ಎಷ್ಟದ ಅನ್ನೂದು ನನಗ ಗೊತ್ತಾತು."

ಅಜ್ಜಾರು ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಮುಖದ ಇದ್ದಿಲು ಒರೆಸಿದರು.

"ಅದೂ ತಣ್ಣಗಿದ್ದಾಗ ಅಳದದ್ದಪಾ. ಏಳು, ದೋಣಿ ಬಂತು."